ನಕ್ಷೆ ಬರೆಯುವ ಕೆಲಸ: ಆರು ತಿಂಗಳ ಕೋರ್ಸು ಸಾಕೇ, ಡಿಪ್ಲೊಮಾ ಬೇಕೇ?

ಪ್ರಶ್ನೆ: ನಾನು ಪುಣೆಯ ವಾರಜೆಯಲ್ಲಿರುವ 19 ವರ್ಷದ ಹುಡುಗಿ. ನಮ್ಮದು ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ. ಏಳನೆಯ ತರಗತಿಯವರೆಗೆ ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದೆ, ಆಮೇಲೆ ಪುಣೆಯಲ್ಲಿ ಮರಾಠಿ ಮಾಧ್ಯಮ. ಅಪ್ಪ ಗೌಂಡಿ ಕೆಲಸ ಮಾಡುತ್ತಾರೆ. ಈ ವರ್ಷ ಗಣಿತದೊಂದಿಗೆ ಹನ್ನೆರಡನೆಯ ತರಗತಿ ವಿಜ್ಞಾನ ಮುಗಿಸಿದ್ದೇನೆ. ಆರ್ಕಿಟೆಕ್ಟ್ ಆಗಬೇಕೆಂಬ ಆಸೆಯಿತ್ತು, ಆದರೆ ಐದು ವರ್ಷದ ಓದು, ಅದರ ಶುಲ್ಕ ನಮ್ಮ ಮನೆಗೆ ಭಾರ. ಡೆಕ್ಕನ್ ಕಡೆಯ ಒಂದು ಕ್ಲಾಸಿನವರು ಆರು ತಿಂಗಳಲ್ಲಿ ಆಟೋಕ್ಯಾಡ್, ರೆವಿಟ್ ಎಂಬ ನಕ್ಷೆ ಬರೆಯುವ ಸಾಫ್ಟ್‌ವೇರ್, ತ್ರೀಡಿ ಎಲ್ಲ ಕಲಿಸಿ ನೂರಕ್ಕೆ ನೂರು ಕೆಲಸ ಕೊಡಿಸುತ್ತೇವೆ, ಹಣವನ್ನು ಕಂತಿನಲ್ಲಿ ಕಟ್ಟಿದರೆ ಸಾಕು ಎನ್ನುತ್ತಾರೆ. ಆರ್ಕಿಟೆಕ್ಟ್ ಕಚೇರಿಯಲ್ಲಿ ಹತ್ತು ವರ್ಷ ದುಡಿದರೆ ಅನುಭವದ ಮೇಲೆಯೇ ಆರ್ಕಿಟೆಕ್ಟ್ ಆಗಬಹುದು ಎಂದು ಸೋದರಮಾವ ಹೇಳುತ್ತಾರೆ. ಇನ್ನು ಮುಂದೆ ನಕ್ಷೆಗಳನ್ನೆಲ್ಲ ಕಂಪ್ಯೂಟರೇ ಬರೆಯುತ್ತದೆ, ಈ ಕೆಲಸಕ್ಕೆ ಹೋಗಬೇಡ ಎಂದು ಅಣ್ಣ ಹೇಳುತ್ತಾನೆ. ಬಾಣೇರಿನ ಒಂದು ಕಂಪನಿಯ ಜಾಹೀರಾತಿನಲ್ಲಿ ‘ಆರ್ಕಿಟೆಕ್ಚರಲ್ ಟೆಕ್ನಿಶಿಯನ್’ ಬೇಕು ಎಂದಿತ್ತು. ಅದು ಯಾವ ಕೆಲಸ? ಅದನ್ನು ನಂಬಿ ಬದುಕು ಕಟ್ಟಿಕೊಳ್ಳಬಹುದೇ? ಈಗಲೇ ಲ್ಯಾಪ್‌ಟಾಪ್ ಕೊಳ್ಳಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವಿದ್ದರೂ ಅವುಗಳ ಹಿಂದಿರುವ ಚಿಂತೆ ಒಂದೇ ಎಂದು ನನಗೆ ಅನ್ನಿಸುತ್ತದೆ. ಮನೆಯ ಹಣ ಮತ್ತು ನಿಮ್ಮ ಎರಡು ಮೂರು ವರ್ಷಗಳನ್ನು ಎಲ್ಲಿ ತೊಡಗಿಸಿದರೆ ಅದು ಕೈಬಿಡುವುದಿಲ್ಲ ಎಂಬುದೇ ಆ ಚಿಂತೆ. ನಾನು ಡ್ರಾಫ್ಟ್ಸ್‌ಮನ್, ಅಂದರೆ ನಕ್ಷೆ ಬರೆಯುವವನಾಗಿ ಈ ವೃತ್ತಿಗೆ ಬಂದು, ಈಗ ಪುಣೆಯಲ್ಲಿ ವರ್ಕಿಂಗ್ ಡ್ರಾಯಿಂಗ್ ತಯಾರಿಸುವ ತಂಡವೊಂದನ್ನು ನೋಡಿಕೊಳ್ಳುತ್ತಿದ್ದೇನೆ. ಹೊಸಬರನ್ನು ಕೆಲಸಕ್ಕೆ ಆರಿಸುವ ಮೇಜಿನ ಈ ಬದಿಯಲ್ಲಿ ಕುಳಿತು ಕಂಡದ್ದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ಜಾಹೀರಾತಿನ ವಿಷಯ. ಆರ್ಕಿಟೆಕ್ಚರಲ್ ಟೆಕ್ನಿಶಿಯನ್ ಎಂಬ ಹುದ್ದೆಯ ಹೆಸರು ಮುಖ್ಯವಾಗಿ ಬ್ರಿಟನ್ನಿನ ರೂಢಿ. ಅಲ್ಲಿ ಈ ವೃತ್ತಿಯವರ ಸಂಘ 1965ರಲ್ಲಿ ಹುಟ್ಟಿ, 2005ರಲ್ಲಿ ರಾಜಸನ್ನದು ಪಡೆದು, ಇಂದು ಚಾರ್ಟರ್ಡ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಚರಲ್ ಟೆಕ್ನಾಲಜಿಸ್ಟ್ಸ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ನಮ್ಮಲ್ಲಿ ಇದೇ ಕೆಲಸವನ್ನು ಮಾಡುವವರನ್ನು ಕಚೇರಿಯಿಂದ ಕಚೇರಿಗೆ ಬೇರೆ ಬೇರೆ ಹೆಸರಿನಿಂದ ಕರೆಯುತ್ತಾರೆ: ಡ್ರಾಫ್ಟ್ಸ್‌ಮನ್, ಆರ್ಕಿಟೆಕ್ಚರಲ್ ಅಸಿಸ್ಟೆಂಟ್, ಕ್ಯಾಡ್ ಆಪರೇಟರ್, ಬಿಮ್ ಮಾಡೆಲರ್ (ಕಟ್ಟಡದ ಮಾದರಿಯನ್ನು ಕಂಪ್ಯೂಟರಿನಲ್ಲಿ ಕಟ್ಟುವವರು). ಬಾಣೇರಿನಂಥ ಕಡೆ ಆ ಇಂಗ್ಲಿಷ್ ಹೆಸರು ಕಂಡರೆ, ಅದು ಬಹುಮಟ್ಟಿಗೆ ಬ್ರಿಟನ್, ಆಸ್ಟ್ರೇಲಿಯಾ ಅಥವಾ ಅಮೆರಿಕದ ಕಟ್ಟಡಗಳಿಗೆ ಇಲ್ಲಿ ಕುಳಿತು ನಕ್ಷೆ ಮಾಡಿಕೊಡುವ ಕಂಪನಿ ಎಂದು ಊಹಿಸಬಹುದು.

ಹೆಸರು ಯಾವುದೇ ಇರಲಿ, ಕೆಲಸದ ತಿರುಳು ಒಂದೇ. ಆರ್ಕಿಟೆಕ್ಟ್ ಕಟ್ಟಡ ಹೇಗಿರಬೇಕೆಂದು ನಿಶ್ಚಯಿಸುತ್ತಾರೆ. ಅದನ್ನು ಸೈಟಿನಲ್ಲಿ ನಿಂತ ಮೇಸ್ತ್ರಿ, ಸೆಂಟ್ರಿಂಗಿನವರು, ಪ್ಲಂಬರು, ಅಲ್ಯುಮಿನಿಯಂ ಕಿಟಕಿಯವರು ಯಾರನ್ನೂ ಕೇಳದೆ ಕಟ್ಟಬಹುದಾದಷ್ಟು ವಿವರವಾಗಿ, ಅಳತೆಗಳಲ್ಲಿ ವಿರೋಧ ಬಾರದಂತೆ ಕಾಗದದ ಮೇಲೆ ತರುವುದು ನಮ್ಮ ಕೆಲಸ. ಪಾಲಿಕೆಗೆ ಸಲ್ಲಿಸುವ ನಕ್ಷೆ ಸಾಮಾನ್ಯವಾಗಿ 1:100 ಪ್ರಮಾಣದಲ್ಲಿರುತ್ತದೆ. ಸೈಟಿಗೆ ಹೋಗುವ ನಕ್ಷೆ 1:50ಕ್ಕೆ ಇಳಿಯುತ್ತದೆ. ಕಿಟಕಿಯ ಚೌಕಟ್ಟು, ಬಚ್ಚಲಿನ ವಾಟರ್‌ಪ್ರೂಫಿಂಗ್ ಮುಂತಾದ ವಿವರಗಳು 1:10, 1:5ಕ್ಕೂ ಹೋಗುತ್ತವೆ. ‘ಗುಡ್ ಫಾರ್ ಕನ್‌ಸ್ಟ್ರಕ್ಷನ್’, ಅಂದರೆ ಎಲ್ಲರ ಬಾಯಲ್ಲಿರುವ ಜಿಎಫ್‌ಸಿ ಎಂಬ ಮೊಹರು ಬಿದ್ದ ಮೇಲೆ ಆ ಹಾಳೆಯಲ್ಲಿ ಉಳಿದ ತಪ್ಪು ಕಾಂಕ್ರೀಟಿನಲ್ಲಿ ಬೀಳುತ್ತದೆ.

ಇದು ಕೇವಲ ಗೆರೆ ಎಳೆಯುವ ಕೆಲಸ ಎಂಬ ತಪ್ಪು ತಿಳಿವಳಿಕೆಯೇ ನಿಮ್ಮ ಅಣ್ಣನ ಮಾತಿನ ಹಿಂದೆಯೂ, ಆರು ತಿಂಗಳ ಕ್ಲಾಸಿನವರ ಮಾತಿನ ಹಿಂದೆಯೂ ಇದೆ. ಆದ್ದರಿಂದ ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಅಂತಸ್ತುಗಳ ಸ್ಲ್ಯಾಬಿನಿಂದ ಸ್ಲ್ಯಾಬಿಗೆ 2970 ಮಿ.ಮೀ. ಎತ್ತರವಿದೆ, ನಡುವೆ 18 ಏರುಗಳ (ಒಂದೊಂದು ಹಂತದ ಎತ್ತರಕ್ಕೆ ಏರು ಎನ್ನುತ್ತೇವೆ) ಮೆಟ್ಟಿಲು ಬರಬೇಕು ಎಂದುಕೊಳ್ಳಿ. ಭಾಗಿಸಿದರೆ ಒಂದೊಂದು ಏರು 165 ಮಿ.ಮೀ. ಆಗುತ್ತದೆ. ಕೋರ್ಸು ಮುಗಿಸಿ ಬಂದವರು ಸಾಮಾನ್ಯವಾಗಿ ಹದಿನೆಂಟೂ ಏರುಗಳನ್ನು ಸಮನಾಗಿ 165 ಎಂದು ಬರೆದು ಕೊಡುತ್ತಾರೆ, ತೆರೆಯ ಮೇಲೆ ಅದು ಬಹಳ ಚೆನ್ನಾಗಿಯೂ ಕಾಣುತ್ತದೆ. ಆದರೆ ಅಂತಸ್ತಿನ ನೆಲಕ್ಕೆ ಗಾರೆ ಮತ್ತು ಟೈಲ್ಸ್ ಸೇರಿ 60 ಮಿ.ಮೀ. ದಪ್ಪ ಕೂರುತ್ತದೆ, ಮೆಟ್ಟಿಲಿನ ಮೇಲೆ ಗ್ರಾನೈಟ್ ಮತ್ತು ಗಾರೆ ಸೇರಿ 40 ಮಿ.ಮೀ. ಮಾತ್ರ ಕೂರುತ್ತದೆ. ಹೀಗಾಗಿ ಫರಸಿ ಕೆಲಸ ಮುಗಿದಾಗ ಕೆಳಗಿನ ಮೊದಲ ಏರು 145ಕ್ಕೆ ಇಳಿದಿರುತ್ತದೆ, ನಡುವಿನವು 165ರಲ್ಲೇ ಉಳಿದಿರುತ್ತವೆ, ಕೊನೆಯದು 185ಕ್ಕೆ ಏರಿರುತ್ತದೆ. ಮೆಟ್ಟಿಲು ಹತ್ತುವಾಗ ಕಾಲು ಲೆಕ್ಕವಿಟ್ಟುಕೊಂಡಿರುತ್ತದೆ. ಆ ಲೆಕ್ಕ ತಪ್ಪಿದ ಕಡೆ ಮುದುಕರು ಎಡವುತ್ತಾರೆ. ಇದನ್ನು ತಪ್ಪಿಸಲು ಕಾಂಕ್ರೀಟಿನ ಮೊದಲ ಏರನ್ನು 185 ಎಂದೂ ಕೊನೆಯದನ್ನು 145 ಎಂದೂ ನಕ್ಷೆಯಲ್ಲಿಯೇ ಬರೆಯಬೇಕು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕಟ್ಟಡಕ್ಕೆ 190 ಮಿ.ಮೀ. ಏರನ್ನು ಗರಿಷ್ಠ ಎನ್ನುತ್ತದೆ. ಹಾಗಾಗಿ ತಪ್ಪಾದ ಆ 185 ಕೂಡ ನಿಯಮದ ಒಳಗೇ ಇರುತ್ತದೆ, ಯಾವ ತಪಾಸಣೆಯೂ ಅದನ್ನು ಹಿಡಿಯುವುದಿಲ್ಲ. ನಿಮ್ಮ ತಂದೆಯವರನ್ನು ಕೇಳಿ ನೋಡಿ. ನಕ್ಷೆಯಲ್ಲಿ ಇಲ್ಲದಿದ್ದರೂ ಮೊದಲ ಮೆಟ್ಟಿಲಿಗೆ ಎಷ್ಟು ಹೆಚ್ಚು ಬಿಡಬೇಕೆಂಬುದು ಅನುಭವಿ ಗೌಂಡಿಗಳಿಗೆ ಗೊತ್ತಿರುತ್ತದೆ. ಎಷ್ಟೋ ಕಚೇರಿಗಳ ಮಾನ ಉಳಿದಿರುವುದು ಅಂಥವರಿಂದಲೇ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಆರು ತಿಂಗಳ ಕ್ಲಾಸು ನಿಮಗೆ ಯಾವ ಗುಂಡಿ ಒತ್ತಿದರೆ ಮೆಟ್ಟಿಲು ಮೂಡುತ್ತದೆ ಎಂದು ಕಲಿಸಬಲ್ಲದು. ಆ 20 ಮಿ.ಮೀ. ಎಲ್ಲಿಂದ ಬಂತು ಎಂಬುದನ್ನು ಕಲಿಸುವುದು ಅಪರೂಪ. ಸಂದರ್ಶನಕ್ಕೆ ಬಂದವರಿಗೆ ನಾನು ಕೊಡುವುದು ಒಂದು ಸ್ನಾನದ ಮನೆಯ ಛೇದನಕ್ಷೆಯನ್ನು, ಅಂದರೆ ಅದನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ತೋರಿಸುವ ನಕ್ಷೆಯನ್ನು, ಕೈಯಲ್ಲಿ ಬಿಡಿಸುವ ಕೆಲಸ. ಸ್ಲ್ಯಾಬು ಎಷ್ಟು ತಗ್ಗಿಸಬೇಕು, ಅದರಲ್ಲಿ ಏನು ತುಂಬುತ್ತಾರೆ, ನೀರು ಯಾವ ಕಡೆಗೆ ಇಳಿಯುತ್ತದೆ, ಬಾಗಿಲ ಹೊಸ್ತಿಲು ಯಾವ ಮಟ್ಟದಲ್ಲಿ ಬರುತ್ತದೆ ಎಂದು ಪೆನ್ಸಿಲಿನಲ್ಲಿ ತೋರಿಸಬಲ್ಲವರಿಗೆ ಸಾಫ್ಟ್‌ವೇರನ್ನು ನಾವು ಕೆಲವು ವಾರಗಳಲ್ಲಿ ಕಲಿಸಿಕೊಳ್ಳುತ್ತೇವೆ. ಸಾಫ್ಟ್‌ವೇರ್ ಮಾತ್ರ ಬಲ್ಲವರಿಗೆ ಕಟ್ಟಡವನ್ನು ಕಲಿಸಲು ವರ್ಷಗಳು ಬೇಕು, ಅಷ್ಟು ತಾಳ್ಮೆ ಬಹಳ ಕಚೇರಿಗಳಿಗೆ ಇರುವುದಿಲ್ಲ.

ಹಾಗೆಂದು ಕ್ಲಾಸುಗಳೆಲ್ಲ ಮೋಸ ಎಂದು ನಾನು ಹೇಳುವುದಿಲ್ಲ. ಆದರೆ ಮೂರು ಸಂಗತಿಗಳನ್ನು ವಿಚಾರಿಸದೆ ಹಣ ಕಟ್ಟಬೇಡಿ. ‘ನೂರಕ್ಕೆ ನೂರು ಕೆಲಸ’ ಎಂದರೆ ನೇಮಕಾತಿ ಪತ್ರವೋ ಅಥವಾ ಬರೇ ಸಂದರ್ಶನಕ್ಕೆ ಹೆಸರು ಕಳಿಸುವುದೋ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. ಕಲಿಸುವವರು ಯಾವ ಕಟ್ಟಡದ ಜಿಎಫ್‌ಸಿ ನಕ್ಷೆಗಳನ್ನು ಮಾಡಿದ್ದಾರೆ ಎಂದು ಕೇಳಿ. ಮೂರನೆಯದಾಗಿ, ಕಂತು ಎಂದು ಅವರು ಹೇಳುವುದು ಬಹಳ ಸಲ ಹಣಕಾಸು ಕಂಪನಿಯೊಂದು ನಿಮ್ಮ ಅಥವಾ ತಂದೆಯವರ ಹೆಸರಿನಲ್ಲಿ ಕೊಡುವ ಸಾಲವಾಗಿರುತ್ತದೆ. ಪೂರ್ತಿ ಹಣ ಕ್ಲಾಸಿನವರಿಗೆ ಆಗಲೇ ಸಂದಾಯವಾಗಿರುತ್ತದೆ, ನೀವು ನಡುವೆ ಬಿಟ್ಟರೂ ಅವರು ಬಾಗಿಲು ಮುಚ್ಚಿದರೂ ಸಾಲದ ಕಂತು ನಿಲ್ಲುವುದಿಲ್ಲ. ಸಹಿ ಮಾಡುವ ಕಾಗದದಲ್ಲಿ ಹಣಕಾಸು ಕಂಪನಿಯ ಹೆಸರಿದೆಯೇ ಎಂದು ನೋಡಿಕೊಂಡರೆ ಈ ವಿಷಯ ಸ್ಪಷ್ಟವಾಗುತ್ತದೆ.

ಇನ್ನು ನಿಮ್ಮ ಸೋದರಮಾವನವರ ಮಾತು. ಅದು ಇಂದು ನಿಜವಲ್ಲ, ಆದರೆ ಅವರು ಸುಳ್ಳು ಹೇಳುತ್ತಿಲ್ಲ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಜಾರಿಯಾಗಿ ಮೊದಲ ನೋಂದಣಿ ಪಟ್ಟಿ ತಯಾರಾದಾಗ, ಪದವಿಯಿಲ್ಲದಿದ್ದರೂ ಅದಕ್ಕೆ ಹಿಂದೆ ಕನಿಷ್ಠ 5 ವರ್ಷ ವಾಸ್ತುಶಿಲ್ಪದ ವೃತ್ತಿ ನಡೆಸುತ್ತಿದ್ದವರಿಗೆ ಹೆಸರು ಸೇರಿಸಿಕೊಳ್ಳುವ ಅವಕಾಶವಿತ್ತು. ಡ್ರಾಯಿಂಗ್ ಬೋರ್ಡಿನಿಂದ ಮೇಲೆ ಬಂದು ‘ಆರ್ಕಿಟೆಕ್ಟ್’ ಫಲಕ ಹಾಕಿಕೊಂಡ ಹಳೆಯ ಹಿರಿಯರು ಆ ಬಾಗಿಲಿನಿಂದ ಬಂದವರು. ಆ ಬಾಗಿಲು ಮುಚ್ಚಿ ಅರ್ಧ ಶತಮಾನವಾಯಿತು. ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಮಹಾರಾಷ್ಟ್ರ ಸರ್ಕಾರದ ಹಳೆಯ ಜಿ.ಡಿ.ಆರ್ಕ್. ಎಂಬ ಡಿಪ್ಲೊಮಾ ನಿಜಕ್ಕೂ ವಾಸ್ತುಶಿಲ್ಪದ ಪೂರ್ಣ ಅರ್ಹತೆಯಾಗಿ ಮಾನ್ಯತೆ ಪಡೆದಿತ್ತು. ಅದನ್ನು ಪಡೆದವರು ಇಂದಿಗೂ ನೋಂದಾಯಿತ ಆರ್ಕಿಟೆಕ್ಟರೇ. ಆ ಡಿಪ್ಲೊಮಾಕ್ಕೂ ಇಂದು ಪಾಲಿಟೆಕ್ನಿಕ್ಕುಗಳಲ್ಲಿ ಸಿಗುವ ಮೂರು ವರ್ಷದ ಡಿಪ್ಲೊಮಾಕ್ಕೂ ಸಂಬಂಧವಿಲ್ಲ.

ಈಗಿನ ಸ್ಥಿತಿ ಹೀಗಿದೆ: ಮಾನ್ಯತೆ ಪಡೆದ ಐದು ವರ್ಷದ ಬಿ.ಆರ್ಕ್. ಪದವಿ ಮತ್ತು ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನ ನೋಂದಣಿ ಇಲ್ಲದೆ ಆರ್ಕಿಟೆಕ್ಟ್ ಎಂಬ ಬಿರುದನ್ನು ಬಳಸುವಂತಿಲ್ಲ. ಕಾಯ್ದೆಯ 37ನೆಯ ಕಲಮು ನಿರ್ಬಂಧಿಸುವುದು ಬಿರುದಿನ ಬಳಕೆಯನ್ನು, ವಿನ್ಯಾಸದ ಕೆಲಸವನ್ನು ಅಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ಹೇಳಿದೆ. ಈ ತೀರ್ಪನ್ನು ಹಿಡಿದು ‘ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು’ ಎನ್ನುವವರು ನಿಮಗೆ ಸಿಗುತ್ತಾರೆ. ಅವರು ಬಿಟ್ಟುಬಿಡುವ ಸಂಗತಿಯೆಂದರೆ, ಪಾಲಿಕೆಗೆ ನಕ್ಷೆ ಸಲ್ಲಿಸಿ ಅದರ ಕೆಳಗೆ ಸಹಿ ಹಾಕುವವರು ಯಾರಿರಬೇಕೆಂಬುದನ್ನು ಕಟ್ಟಡ ನಿಯಮಗಳೇ ಬೇರೆಯಾಗಿ ನಿಗದಿಪಡಿಸುತ್ತವೆ.

ನಿಮ್ಮ ತೀರ್ಮಾನಕ್ಕೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಈ ಸಹಿಯೇ ಎಂಬುದು ನನ್ನ ಅಭಿಪ್ರಾಯ, ಇದನ್ನು ಹತ್ತೊಂಬತ್ತರ ವಯಸ್ಸಿನಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮುಂಬೈಯನ್ನು ಬಿಟ್ಟು ಮಹಾರಾಷ್ಟ್ರದ ಬಹುಭಾಗಕ್ಕೆ, ಅಂದರೆ ಪುಣೆ ಮತ್ತು ಪಿಂಪ್ರಿ-ಚಿಂಚವಾಡಕ್ಕೂ, 2020ರ ಡಿಸೆಂಬರಿನಿಂದ ಯುಡಿಸಿಪಿಆರ್ ಎಂಬ ಏಕೀಕೃತ ನಿಯಮಾವಳಿ ಅನ್ವಯಿಸುತ್ತದೆ. ಅದರಲ್ಲಿ ಆರ್ಕಿಟೆಕ್ಟ್, ಇಂಜಿನಿಯರುಗಳ ಜೊತೆಗೆ ಸೂಪರ್‌ವೈಸರ್ ಎಂಬ ಪರವಾನಗಿಯ ದರ್ಜೆಯೂ ಇದೆ. ಸಿವಿಲ್ ಅಥವಾ ಆರ್ಕಿಟೆಕ್ಚರಲ್ ಅಸಿಸ್ಟೆಂಟ್‌ಶಿಪ್ ಡಿಪ್ಲೊಮಾ ಪಡೆದು ನಿಗದಿತ ಅನುಭವ ಗಳಿಸಿದವರು, ಹಾಗೂ ಇನ್ನೂ ಹೆಚ್ಚಿನ ಅನುಭವವಿರುವ ಐಟಿಐ ಡ್ರಾಫ್ಟ್ಸ್‌ಮನ್‌ಗಳು ಈ ಪರವಾನಗಿಗೆ ಅರ್ಜಿ ಹಾಕಬಹುದು, ಸಣ್ಣ ಕಟ್ಟಡಗಳ ನಕ್ಷೆಗೆ ತಮ್ಮ ಹೆಸರಿನಲ್ಲೇ ಸಹಿ ಮಾಡಬಹುದು. ಮುಂಬೈಯಲ್ಲಿ ನಿಯಮಾವಳಿ ಬೇರೆ, ಡಿಸಿಪಿಆರ್ 2034. ಅಲ್ಲಿ 1888ರ ಮುಂಬೈ ಮಹಾನಗರಪಾಲಿಕೆ ಕಾಯ್ದೆಯಡಿ ಲೈಸೆನ್ಸ್ಡ್ ಸರ್ವೇಯರ್ ಎಂಬ ಹಳೆಯ ಪದ್ಧತಿಯಿದೆ. ದಾದರ್, ಮುಲುಂಡ್ ಕಡೆಯ ಹಳೆಯ ಸೊಸೈಟಿಗಳ ಪುನರ್ನಿರ್ಮಾಣದ ಕಾಗದಪತ್ರಗಳಲ್ಲಿ ಆ ಹೆಸರನ್ನು ಕಾಣಬಹುದು. ಆರು ತಿಂಗಳ ಕ್ಲಾಸಿನ ಪ್ರಮಾಣಪತ್ರ ಈ ಯಾವ ಪರವಾನಗಿಗೂ ಮೆಟ್ಟಿಲಾಗುವುದಿಲ್ಲ. ನಲವತ್ತನೆಯ ವಯಸ್ಸಿನಲ್ಲಿಯೂ ಎಲ್ಲ ತಿಳಿದು ಎಲ್ಲವನ್ನೂ ಬರೆದು, ಸಹಿಗೆ ಮಾತ್ರ ಇನ್ನೊಬ್ಬರ ಮುಂದೆ ಕಾಯುವ ಸಮರ್ಥರನ್ನು ನಾನು ಬಹಳ ನೋಡಿದ್ದೇನೆ. ಅವರ ಸಂಬಳ ಒಂದು ಹಂತದಲ್ಲಿ ನಿಂತುಬಿಡುವುದಕ್ಕೆ ಮುಖ್ಯ ಕಾರಣ ಆ ಕಾಗದ ಇಲ್ಲದಿರುವುದೇ.

ಹೀಗಾಗಿ ನಿಮ್ಮ ಸ್ಥಿತಿಗೆ ನಾನು ಮೊದಲು ಸೂಚಿಸುವುದು ಸಿವಿಲ್ ಡಿಪ್ಲೊಮಾವನ್ನು. ಹನ್ನೆರಡನೆಯ ತರಗತಿ ವಿಜ್ಞಾನ ಪಾಸಾದವರಿಗೆ ಮಹಾರಾಷ್ಟ್ರದಲ್ಲಿ ಇಂಜಿನಿಯರಿಂಗ್ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶವಿದೆ, ಆದ್ದರಿಂದ ಎರಡೇ ವರ್ಷದಲ್ಲಿ ಅದು ಕೈಗೆ ಬರುತ್ತದೆ. ಪುಣೆಯಲ್ಲಿಯೇ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಸ್ಟೇಷನ್ ಕಡೆಗೆ ಕುಸ್ರೋ ವಾಡಿಯಾ ಸಂಸ್ಥೆಯಿದೆ. ಸರ್ಕಾರಿ ಕಾಲೇಜಿನ ಶುಲ್ಕಕ್ಕೂ ನೀವು ಹೇಳುವ ಕ್ಲಾಸಿನ ಶುಲ್ಕಕ್ಕೂ ಹೋಲಿಸಿ ನೋಡಿ, ನಿಮಗೆ ಅಚ್ಚರಿಯಾಗಬಹುದು. ಮುಂದೆ ಮನಸ್ಸಾದರೆ ಡಿಪ್ಲೊಮಾದಿಂದ ಸಿವಿಲ್ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಇದರಲ್ಲಿ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬಾರದು: ಸಿವಿಲ್ ಪಠ್ಯದಲ್ಲಿ ಕಾಂಕ್ರೀಟು, ಸರ್ವೆ, ಮಣ್ಣು, ನೀರು ಹೆಚ್ಚು, ವಾಸ್ತುಶಿಲ್ಪದ ನಕ್ಷೆಯ ವಿವರ ಕಡಿಮೆ. ಕಿಟಕಿ ಬಾಗಿಲು, ಒಳಾಂಗಣ, ಮೆಟ್ಟಿಲು, ಮುಂಭಾಗದ ವಿವರಗಳನ್ನು ರಜೆಯಲ್ಲಿ ಆರ್ಕಿಟೆಕ್ಟ್ ಕಚೇರಿಯೊಂದರಲ್ಲಿ ಕುಳಿತು ಬೇರೆಯಾಗಿಯೇ ಕಲಿಯಬೇಕಾಗುತ್ತದೆ.

ಐಟಿಐಯ ಡ್ರಾಫ್ಟ್ಸ್‌ಮನ್ ಸಿವಿಲ್ ಕೋರ್ಸೂ ಎರಡು ವರ್ಷದ್ದೇ, ಖರ್ಚು ಇನ್ನೂ ಕಡಿಮೆ, ಕೈಯಿಂದ ನಕ್ಷೆ ಬಿಡಿಸುವ ಅಭ್ಯಾಸ ಅಲ್ಲಿ ಚೆನ್ನಾಗಿ ಆಗುತ್ತದೆ. ಆದರೆ ಹನ್ನೆರಡನೆಯ ತರಗತಿ ವಿಜ್ಞಾನ ಮುಗಿಸಿದ ನಿಮಗೆ ಅಷ್ಟೇ ಕಾಲದಲ್ಲಿ ಡಿಪ್ಲೊಮಾ ಸಿಗುವಾಗ, ಸೀಟು ಸಿಗದಿದ್ದರೆ ಮಾತ್ರ ಇದನ್ನು ಯೋಚಿಸಿ.

ಬಿ.ಆರ್ಕ್. ಬಾಗಿಲನ್ನು ಮನೆಯ ಲೆಕ್ಕಾಚಾರ ನೋಡಿ ನೀವು ಬೇಗನೆ ಮುಚ್ಚಿಬಿಟ್ಟಿರಿ ಎಂದು ನನಗೆ ತೋರುತ್ತದೆ. ವಾರಜೆಯ ಪಕ್ಕದ ಕರ್ವೇನಗರದಲ್ಲಿಯೇ ಮಹಿಳೆಯರಿಗಾಗಿ ಇರುವ ಭಾನುಬೆನ್ ನಾನಾವಟಿ ವಾಸ್ತುಶಿಲ್ಪ ಕಾಲೇಜನ್ನು ನೀವು ನೋಡಿಯೇ ಇರುತ್ತೀರಿ. ಮಹಾರಾಷ್ಟ್ರ ಸರ್ಕಾರ 2024ರಲ್ಲಿ ಹೊರಡಿಸಿದ ಆದೇಶದ ಪ್ರಕಾರ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಆರ್ಥಿಕವಾಗಿ ದುರ್ಬಲ, ಸಾಮಾಜಿಕ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ಹಾಗೂ ಇತರ ಹಿಂದುಳಿದ ವರ್ಗಗಳ ಹುಡುಗಿಯರಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿಯಾಗಿ ಮರುಪಾವತಿಯಾಗುತ್ತದೆ. ಪ್ರವೇಶ ಸರ್ಕಾರದ ಕೇಂದ್ರೀಕೃತ ಸುತ್ತುಗಳ ಮೂಲಕವೇ ಆಗಿರಬೇಕು, ಆಡಳಿತ ಮಂಡಳಿಯ ಕೋಟಾದ ಸೀಟಿಗೆ ಇದು ಸಿಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಬೇರೆ ವಿದ್ಯಾರ್ಥಿವೇತನಗಳಿವೆ, ಉಳಿದವರಿಗೆ ರಾಜರ್ಷಿ ಶಾಹು ಮಹಾರಾಜರ ಹೆಸರಿನ ಶುಲ್ಕ ಮರುಪಾವತಿ ಯೋಜನೆಯಿದೆ. ಅರ್ಜಿಗಳೆಲ್ಲ ಮಹಾಡಿಬಿಟಿ ಜಾಲತಾಣದಲ್ಲಿಯೇ. ನಿಮ್ಮ ಊರು ಸೊಲ್ಲಾಪುರ ಜಿಲ್ಲೆಯಲ್ಲಿರುವುದರಿಂದ ಡೊಮಿಸೈಲ್ ಮತ್ತು ಜಾತಿ ಪ್ರಮಾಣಪತ್ರ ನಿಮಗೆ ಇಲ್ಲಿಯದೇ ದೊರೆಯುತ್ತದೆ. ಕಲಬುರಗಿ, ವಿಜಯಪುರದಿಂದ ವಲಸೆ ಬಂದ ಕುಟುಂಬಗಳು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆಯ ಮಾತು: ಕರ್ನಾಟಕದ ಜಾತಿ ಪ್ರಮಾಣಪತ್ರದ ಮೇಲೆ ಮಹಾರಾಷ್ಟ್ರದ ಮೀಸಲಾತಿ ಸೌಲಭ್ಯ ಸಾಮಾನ್ಯವಾಗಿ ಸಿಗುವುದಿಲ್ಲ.

ಶುಲ್ಕ ಮನ್ನಾ ಆದರೂ ಬಿ.ಆರ್ಕ್.ನಲ್ಲಿ ಖರ್ಚು ನಿಲ್ಲುವುದಿಲ್ಲ. ಕಾಗದ, ಮಾದರಿಗಳ ಸಾಮಗ್ರಿ, ಪ್ರಿಂಟು, ಅಧ್ಯಯನ ಪ್ರವಾಸ ಇವಕ್ಕೆ ತಿಂಗಳು ತಿಂಗಳು ಹಣ ಬೇಕು, ಐದು ವರ್ಷ ಸಂಪಾದನೆಯೂ ಇರುವುದಿಲ್ಲ. ಡಿಪ್ಲೊಮಾ ಮುಗಿಸಿ, ಒಂದೆರಡು ವರ್ಷ ದುಡಿದು, ಆಮೇಲೆ ಸೇರುವುದೂ ಸಾಧ್ಯ. ಗಣಿತವಿರುವ ಮೂರು ವರ್ಷದ ಡಿಪ್ಲೊಮಾ ಪಡೆದವರೂ ಪ್ರವೇಶ ಪರೀಕ್ಷೆ ಬರೆಯಬಹುದು. ನಿಮ್ಮ ಹನ್ನೆರಡನೆಯ ತರಗತಿಯ ಅಂಕಪಟ್ಟಿಯೂ ಎಲ್ಲಿಗೂ ಹೋಗುವುದಿಲ್ಲ. ಆದರೆ ಡಿಪ್ಲೊಮಾ ಇದೆಯೆಂದು ಬಿ.ಆರ್ಕ್.ನ ಎರಡನೆಯ ವರ್ಷಕ್ಕೆ ಯಾರೂ ಸೇರಿಸಿಕೊಳ್ಳುವುದಿಲ್ಲ, ಮೊದಲ ವರ್ಷದಿಂದಲೇ ಆರಂಭಿಸಬೇಕು. ಇದನ್ನು ಅರಿಯದೆ ಯೋಜನೆ ಹಾಕಿಕೊಂಡು ನಿರಾಶರಾದವರಿದ್ದಾರೆ.

ಇನ್ನು ಅಣ್ಣನ ಭಯ. ಅದಕ್ಕೆ ಆಧಾರವಿಲ್ಲವೆಂದು ನಾನು ಹೇಳಲಾರೆ. ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ. ಅದು ನಮ್ಮ ಕಚೇರಿಗಳಿಗೆ ಬಂದಾಗ ಟ್ರೇಸಿಂಗ್ ಕಾಗದದ ಮೇಲೆ ಅಂದವಾಗಿ ಅಕ್ಷರ ಬರೆಯುವುದು, ನಕಲು ತೆಗೆಯುವುದು ಇವನ್ನೇ ನೆಚ್ಚಿದ್ದ ಟ್ರೇಸರ್‌ಗಳ ಕೆಲಸ ಹೋಯಿತು. ವಿವರ ಬಲ್ಲ ಡ್ರಾಫ್ಟ್ಸ್‌ಮನ್‌ಗಳು ಮೌಸ್ ಹಿಡಿದು ಮುಂದುವರಿದರು. ಈಗಲೂ ಕಿಟಕಿ ಬಾಗಿಲುಗಳ ಪಟ್ಟಿ ತಯಾರಿಸುವುದು, ಅಳತೆ ನಮೂದಿಸುವುದು, ಒಂದೇ ಯೋಜನೆಯ ಹತ್ತು ಪರ್ಯಾಯ ಮಾಡುವುದು ಇಂಥ ಕೆಲಸಗಳು ವೇಗವಾಗಿ ಯಂತ್ರದ ಪಾಲಾಗುತ್ತಿವೆ. ರೆವಿಟ್‌ನಲ್ಲಿ ಪಟ್ಟಿಗಳು ಈಗಾಗಲೇ ತಾವಾಗಿಯೇ ಬರುತ್ತವೆ. ಹೊಸಬರನ್ನು ಮೊದಲ ವರ್ಷ ಇಂಥ ಕೆಲಸಕ್ಕೇ ಕೂರಿಸುತ್ತಿದ್ದೆವು, ಹಾಗಾಗಿ ಪೆಟ್ಟು ಬೀಳುವುದು ಮೊದಲ ಮೆಟ್ಟಿಲಿಗೇ. ಬೀಮು ಮತ್ತು ಚರಂಡಿ ಪೈಪು ಎದುರುಬದುರಾದದ್ದನ್ನು ಸಾಫ್ಟ್‌ವೇರ್ ತೋರಿಸಿಕೊಡುತ್ತದೆ. ಪೈಪನ್ನು ತಿರುಗಿಸಬೇಕೋ, ಬೀಮಿನ ಆಳ ಕಡಿಮೆ ಮಾಡಲು ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಬೇಕೋ, ಕೆಳಗಿನ ಫ್ಲಾಟಿನವರ ಸೀಲಿಂಗ್ ಇಳಿಸಬೇಕೋ ಎಂಬ ತೀರ್ಮಾನಕ್ಕೆ ಕಟ್ಟಡ ಗೊತ್ತಿರುವ ಮನುಷ್ಯ ಬೇಕು. ಕೋರ್ಸಿಗಿಂತ ಕಟ್ಟಡಕ್ಕೆ ಗಮನ ಕೊಡಿ ಎಂದು ನಾನು ಮತ್ತೆ ಮತ್ತೆ ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ.

ಹೊರದೇಶದ ಕೆಲಸ ಮಾಡುವ ಕಂಪನಿಗಳಲ್ಲಿ ಸಂಬಳ ಸಣ್ಣ ಆರ್ಕಿಟೆಕ್ಟ್ ಕಚೇರಿಗಿಂತ ಸಾಮಾನ್ಯವಾಗಿ ಮೇಲು, ರಜೆ, ಭವಿಷ್ಯನಿಧಿ ಎಲ್ಲ ಕ್ರಮವಾಗಿರುತ್ತದೆ. ಆದರೆ ಅಲ್ಲಿ ನೀವು ಬರೆಯುವುದು ಬ್ರಿಟನ್ನಿನ ಎರಡು ಪದರದ ಇಟ್ಟಿಗೆ ಗೋಡೆ, ನಡುವಿನ ಶಾಖನಿರೋಧಕ, ಅಮೆರಿಕದ ಮರದ ಚೌಕಟ್ಟಿನ ಮನೆ. ಅವನ್ನು ಕಣ್ಣಿಂದ ಕಾಣದೆ, ಮುಟ್ಟದೆ ವರ್ಷಗಟ್ಟಲೆ ಬರೆಯುತ್ತೀರಿ. ಅಲ್ಲಿಯ ಮಾರುಕಟ್ಟೆ ಕುಸಿದರೆ ಇಲ್ಲಿಯ ಮೇಜು ಖಾಲಿಯಾಗುತ್ತದೆ, ಆಗ ಪುಣೆಯ ಕಚೇರಿಗೆ ಬಂದವರಿಗೆ ಇಲ್ಲಿಯ ನಿಯಮ, ಇಲ್ಲಿಯ ಗಿಲಾವು, ಇಲ್ಲಿಯ ಪಾಲಿಕೆ ಎಲ್ಲವೂ ಹೊಸದು. ಮೊದಲ ಎರಡು ಮೂರು ವರ್ಷ ಇಲ್ಲಿಯ ಕಟ್ಟಡಗಳಲ್ಲಿಯೇ ಕಳೆದು, ಆಮೇಲೆ ಬೇಕಾದರೆ ಅಲ್ಲಿಗೆ ಹೋಗುವುದು ಲೇಸು.

ಕಚೇರಿ ಆರಿಸುವಾಗ ಹೆಸರಿಗಿಂತ ಅಲ್ಲಿಂದ ಜಿಎಫ್‌ಸಿ ನಕ್ಷೆಗಳು ಹೊರಡುತ್ತವೆಯೇ, ನಿಮ್ಮನ್ನು ಸೈಟಿಗೆ ಕಳಿಸುತ್ತಾರೆಯೇ ಎಂಬುದನ್ನು ನೋಡಿ. ಬರೇ ಚಂದದ ತ್ರೀಡಿ ಚಿತ್ರ ಮಾಡಿಸುವ ಕಡೆ ಮೂರು ವರ್ಷ ಕಳೆದರೂ ನೀವು ಇದ್ದಲ್ಲೇ ಇರುತ್ತೀರಿ. ಪಾಲಿಕೆಯ ಮಂಜೂರಾತಿ ಕೆಲಸ ಇದ್ದರೆ ಅದನ್ನೂ ಕಲಿಯಿರಿ. ಅದು ಬೇಸರದ ಕೆಲಸ, ನಕ್ಷೆ ನಿಯಮಕ್ಕೆ ಸರಿಯಿದೆಯೇ ಎಂದು ತಪಾಸಣೆ ಮಾಡುವ ಆಟೋಡಿಸಿಆರ್ ಎಂಬ ಸಾಫ್ಟ್‌ವೇರಿನಲ್ಲಿ ಒಂದು ಕೋಣೆಯ ಗಡಿರೇಖೆ ಎಲ್ಲೋ ಕೂದಲೆಳೆಯಷ್ಟು ಮುಚ್ಚದೆ ಉಳಿದಿದ್ದರೂ, ನಿಗದಿತ ಲೇಯರ್ ಬಿಟ್ಟು ಬೇರೆಯದರಲ್ಲಿ ಗೆರೆ ಬಿದ್ದಿದ್ದರೂ ನಕ್ಷೆ ಹಿಂದಿರುಗುತ್ತದೆ. ಆದರೂ ಎಫ್‌ಎಸ್‌ಐ, ಅಂದರೆ ನಿವೇಶನದ ವಿಸ್ತೀರ್ಣಕ್ಕೆ ಎಷ್ಟು ಕಟ್ಟಬಹುದೆಂಬ ಲೆಕ್ಕ ಬಲ್ಲವರಿಗೆ ಈ ಊರಿನಲ್ಲಿ ಕೆಲಸಕ್ಕೆ ಬರವಿಲ್ಲ. ಅಲ್ಯುಮಿನಿಯಂ ಮುಂಭಾಗ, ಮಾಡ್ಯುಲರ್ ಅಡುಗೆಮನೆ ಮಾಡುವ ಕಾರ್ಖಾನೆಗಳಲ್ಲಿ ಶಾಪ್ ಡ್ರಾಯಿಂಗ್ (ಬಿಡಿಭಾಗಗಳನ್ನು ತಯಾರಿಸಲು ಬೇಕಾದ ನಕ್ಷೆ) ಮಾಡುವ ಕೆಲಸವೂ ಇದೆ, ಅದರ ಬಗ್ಗೆ ಹೊಸಬರು ಯೋಚಿಸುವುದೇ ಕಡಿಮೆ. ಹಳೆಯ ಕಟ್ಟಡಗಳ ಮೇಲೆ ಪ್ರೀತಿಯಿದ್ದರೆ, ಗೋವೆಯ ಜಂಬಿಟ್ಟಿಗೆಯ ಮನೆಗಳನ್ನೋ ಮುಂಬೈ ಫೋರ್ಟಿನ ಕಲ್ಲಿನ ಕಟ್ಟಡಗಳನ್ನೋ ಅಳೆದು ದಾಖಲಿಸುವ ಸಂರಕ್ಷಣಾ ಕಚೇರಿಗಳೂ ಇವೆ. ಹುದ್ದೆಗಳು ಕಡಿಮೆ, ಆದರೆ ಅಳತೆಯ ಶಿಸ್ತು ಅಲ್ಲಿ ಕಲಿತಷ್ಟು ಬೇರೆಲ್ಲೂ ಕಲಿಯಲಾಗದು.

ಸಣ್ಣ ಕಚೇರಿಗಳಲ್ಲಿ ಸಂಬಳ ತಡವಾಗುವುದು, ಬಿಲ್ಡರ್ ಹಣ ಕೊಟ್ಟಿಲ್ಲವೆಂಬ ಕಾರಣ ನಿಮ್ಮ ಮೇಜಿನವರೆಗೆ ಬರುವುದು ಅಪರೂಪವಲ್ಲ. 20ಕ್ಕಿಂತ ಕಡಿಮೆ ಜನರಿರುವ ಕಚೇರಿಗೆ ಭವಿಷ್ಯನಿಧಿ ಕಡ್ಡಾಯವೂ ಅಲ್ಲ. ಏನೇ ಇದ್ದರೂ ಮೊದಲ ದಿನವೇ ನೇಮಕಾತಿ ಪತ್ರ ಕೇಳಿ, ಬಿಡುವಾಗ ಅನುಭವ ಪತ್ರ ಪಡೆಯದೆ ಬಿಡಬೇಡಿ. ಮುಂದೆ ಪರವಾನಗಿಗೆ ಅರ್ಜಿ ಹಾಕುವಾಗ ಲೆಕ್ಕಕ್ಕೆ ಬರುವುದು ಆ ಕಾಗದವೇ. ರಾತ್ರಿ ಎಂಟರ ನಂತರ ಕೂರಿಸುವ ರೂಢಿಯಿರುವ ಕಚೇರಿಯಾದರೆ ಮನೆಗೆ ಮುಟ್ಟಿಸುವ ವ್ಯವಸ್ಥೆ ಏನೆಂದು ಸಂದರ್ಶನದಲ್ಲಿಯೇ ಕೇಳಿ, ಸಂಕೋಚ ಬೇಡ.

ಸರ್ಕಾರಿ ಹುದ್ದೆಗಳನ್ನೂ ಗಮನದಲ್ಲಿಡಿ. ಮಹಾರಾಷ್ಟ್ರದ ಲೋಕೋಪಯೋಗಿ ಮತ್ತು ನಗರರಚನಾ ಇಲಾಖೆಗಳಲ್ಲಿ ಆರೇಖಕ್ (ಡ್ರಾಫ್ಟ್ಸ್‌ಮನ್), ಅನುರೇಖಕ್ (ಟ್ರೇಸರ್), ರಚನಾ ಸಹಾಯಕ್ (ನಗರರಚನೆಯ ಸಹಾಯಕ) ಎಂಬ ಹುದ್ದೆಗಳಿವೆ. ರಚನಾ ಸಹಾಯಕ್ ಹುದ್ದೆಗೆ ಸಿವಿಲ್ ಡಿಪ್ಲೊಮಾ ನಡೆಯುತ್ತದೆ. ಭರ್ತಿ ಯಾವಾಗ ಬರುತ್ತದೆ ಎಂದು ಹೇಳಲಾಗದ್ದರಿಂದ ಅದನ್ನೇ ಕಾಯುತ್ತ ಕೂರಬಾರದು. ಮರಾಠಿಯಲ್ಲಿ ಓದಿದ ನಿಮಗೆ ಪರೀಕ್ಷೆಯ ಭಾಷೆ ಅಡ್ಡಿಯಾಗದು. ಕಚೇರಿಯ ಇಂಗ್ಲಿಷಿಗೂ ಹೆದರಬೇಕಿಲ್ಲ. ನಕ್ಷೆಯ ಮೇಲಿನ ಇಂಗ್ಲಿಷ್ ಕೆಲವು ನೂರು ಪದಗಳದ್ದು, ವರ್ಷದೊಳಗೆ ಬಾಯಿಗೆ ಬರುತ್ತದೆ. ಪುಣೆಯ ಸೈಟುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಕೆಲಸಗಾರರು ಎಷ್ಟಿದ್ದಾರೆಂಬುದು ನಿಮಗೆ ಗೊತ್ತೇ ಇದೆ. ನಕ್ಷೆಯಲ್ಲಿರುವುದನ್ನು ಅವರ ಮಾತಿನಲ್ಲಿಯೇ ವಿವರಿಸಬಲ್ಲ ಹುಡುಗಿಯನ್ನು ಯಾವ ಸೈಟ್ ಇಂಜಿನಿಯರೂ ಕಳೆದುಕೊಳ್ಳಲು ಇಷ್ಟಪಡುವುದಿಲ್ಲ.

ಪ್ರವೇಶದ ಸುತ್ತುಗಳು ಮುಗಿಯುವವರೆಗೆ ಒಂದು ಕೆಲಸ ಮಾಡಿ. ಒಂದು ಟೇಪು ಹಿಡಿದು ನೀವಿರುವ ಮನೆಯನ್ನು ಮತ್ತು ಅದರ ಮೆಟ್ಟಿಲನ್ನು ಅಳೆದು, ಗ್ರಾಫ್ ಹಾಳೆಯ ಮೇಲೆ 1:50ರಲ್ಲಿ ಒಂದು ತಳನಕ್ಷೆ, ಒಂದು ಛೇದನಕ್ಷೆ ಬಿಡಿಸಿ. ಕೋಣೆಯ ಕರ್ಣದ ಅಳತೆಯನ್ನೂ ತೆಗೆದುಕೊಳ್ಳಿ, ಗೋಡೆಗಳು ಗುಣಿಯಲ್ಲಿಲ್ಲದಿದ್ದರೆ, ಅಂದರೆ ಮೂಲೆ ಲಂಬಕೋನವಾಗಿಲ್ಲದಿದ್ದರೆ, ಅದರಿಂದಲೇ ಗೊತ್ತಾಗುತ್ತದೆ. ಬಿಡಿಸಿದ್ದನ್ನು ತಂದೆಯವರಿಗೆ ಕೊಟ್ಟು, ಇದನ್ನು ನೋಡಿ ಕಟ್ಟಬಹುದೇ, ಯಾವ ಅಳತೆ ಬಿಟ್ಟುಹೋಗಿದೆ ಎಂದು ಕೇಳಿ. ಅವರು ಗುರುತು ಹಾಕಿದ್ದನ್ನು ತಿದ್ದಿ ಮತ್ತೆ ಬರೆಯಿರಿ. ಎರಡೂ ಹಾಳೆಗಳನ್ನು ಜೋಪಾನವಾಗಿಡಿ. ಸಂದರ್ಶನದಲ್ಲಿ ತ್ರೀಡಿ ಚಿತ್ರಗಳಿಗಿಂತ ಮೊದಲು ನಾನು ನೋಡಬಯಸುವುದು ಅಂಥ ಹಾಳೆಗಳನ್ನೇ.

ಲ್ಯಾಪ್‌ಟಾಪನ್ನು ಈಗ ಕೊಳ್ಳಬೇಡಿ. ಮೊದಲ ತಿಂಗಳುಗಳಲ್ಲಿ ಕಾಲೇಜಿನ ಲ್ಯಾಬ್ ಸಾಕು. ಕೊಳ್ಳುವ ಹೊತ್ತು ಬಂದಾಗ ರೆವಿಟ್ ನಡೆಸಲು ಕನಿಷ್ಠ 16 ಜಿಬಿ ರ‍್ಯಾಮ್ ಇರುವ ಯಂತ್ರ ಬೇಕಾಗುತ್ತದೆ, ಗ್ರಾಫಿಕ್ಸ್ ಕಾರ್ಡಿಗಾಗಿ ಹೆಚ್ಚು ಹಣ ಸುರಿಯುವ ಅಗತ್ಯ ಆರಂಭದಲ್ಲಿಲ್ಲ. ಮಾನ್ಯತೆ ಪಡೆದ ಕಾಲೇಜಿನ ವಿದ್ಯಾರ್ಥಿಗಳಿಗೆ ಆಟೋಡೆಸ್ಕ್ ಕಂಪನಿ ಆಟೋಕ್ಯಾಡ್ ಮತ್ತು ರೆವಿಟ್ ಎರಡನ್ನೂ ಕಲಿಕೆಗಾಗಿ ಉಚಿತವಾಗಿ ಕೊಡುತ್ತದೆ, ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು ಅಷ್ಟೆ. ಕ್ಲಾಸಿನವರು ಪೆನ್ ಡ್ರೈವಿನಲ್ಲಿ ಹಾಕಿಕೊಡುವ ಪ್ರತಿಯನ್ನು ಮಾತ್ರ ತೆಗೆದುಕೊಳ್ಳಬೇಡಿ.